ಯೂಸರ್‌ನೇಮ್‌ಗೆ ಪೂರ್ತಿ ಹೆಸರು ಕೊಟ್ಟು ಸಿಕ್ಕಿಬಿದ್ದೆ

ಹೊಸ ಲ್ಯಾಪ್‌ಟಾಪ್ ಆನ್ ಮಾಡಿದ ದಿನ ಅದು ಅಕೌಂಟಿಗೆ ಒಂದು ಹೆಸರು ಕೇಳಿತು. ನನ್ನ ಪೂರ್ತಿ ಹೆಸರು, ಅದಕ್ಕಂಟಿಕೊಂಡು ಹುಟ್ಟಿದ ವರ್ಷ. ಎರಡು ಸೆಕೆಂಡಿನ ಕೆಲಸ. ಇಮೇಲ್ ಐಡಿಯೂ ಅದೇ ಇತ್ತು, ನೆನಪಿಟ್ಟುಕೊಳ್ಳೋಕೆ ಸುಲಭ ಅಲ್ವಾ ಅಂತ.

ಒಂದೂವರೆ ವರ್ಷ ಆದ ಮೇಲೆ, ಕೆಲಸಕ್ಕೆ ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ ಬಗ್ಗೆ ಹೆಸರು ಹಾಕದೆ ದೂರು ಕಳಿಸಿದೆ. ಅದನ್ನು ಆರಿಸಿ ತಂದವರೇ ನಮ್ಮ ಮ್ಯಾನೇಜರ್, ಹಾಗಾಗಿ ಈ ಗುಟ್ಟು. ದೂರಿಗೆಂದೇ ಬೇರೆ ಇಮೇಲ್ ತೆರೆದೆ. ನಾನು ಬರೆಯುವ ಧಾಟಿಯನ್ನೂ ಬದಲಿಸಿದೆ. ಸಾಕ್ಷಿಗೆ ಇರಲಿ ಅಂತ ಎರರ್ ಲಾಗ್ ಫೈಲ್, ಅಂದರೆ ಪ್ರೋಗ್ರಾಂ ಎಲ್ಲಿ ಎಡವಿತು ಅಂತ ತಾನೇ ಬರೆದಿಡುವ ಫೈಲ್, ಸೇರಿಸಿದೆ.

ಮಾರನೇ ದಿನ ಮ್ಯಾನೇಜರ್ ಕರೆದರು. ಆ ಫೈಲ್ ತೆರೆದು, ಏನೂ ಮಾತಾಡದೆ ಮೂರನೇ ಸಾಲಿನ ಮೇಲೆ ಮೌಸ್ ತಂದು ನಿಲ್ಲಿಸಿದರು. ಸಿ ಡ್ರೈವ್, ಯೂಸರ್ಸ್ ಫೋಲ್ಡರ್, ಅದರ ಪಕ್ಕದಲ್ಲೇ ನನ್ನ ಹೆಸರು, ಹುಟ್ಟಿದ ವರ್ಷದ ಸಮೇತ. ಆಮೇಲೆ ಎಣಿಸಿದೆ, ಆ ಫೈಲಿನಲ್ಲಿ ನನ್ನ ಹೆಸರು 41 ಸಲ ಇತ್ತು.

ಆಗಿದ್ದು ಇಷ್ಟೇ. ಅಕೌಂಟ್ ಮಾಡುವಾಗ ಕೊಟ್ಟ ಹೆಸರಿನಲ್ಲೇ ವಿಂಡೋಸ್ ಒಂದು ಫೋಲ್ಡರ್ ಮಾಡಿಕೊಳ್ಳುತ್ತದೆ. ಪ್ರೋಗ್ರಾಂ ಎಡವಿದಾಗ ಅನೇಕ ಸಲ ಫೈಲ್ ಎಲ್ಲಿತ್ತು ಅಂತ ಪೂರ್ತಿ ವಿಳಾಸ ಬರೆದಿಡುತ್ತದೆ. ವಿಂಡೋಸ್ ಬದಲು ಲಿನಕ್ಸ್ ಬಳಸಿದರೂ ಅಲ್ಲಿನ ಹೋಮ್ ಫೋಲ್ಡರ್ ಕಥೆ ಇದೇ. ಟರ್ಮಿನಲ್ಲಿನ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯ, ಸ್ಕ್ರೀನ್‌ಶಾಟ್ ತೆಗೆದರೆ ಸಾಮಾನ್ಯವಾಗಿ ಕಮಾಂಡ್ ಇರುವ ಪ್ರತಿ ಸಾಲಿನ ಶುರುವಿನಲ್ಲೇ ನಿಮ್ಮ ಹೆಸರು ಇರುತ್ತದೆ.

ಗಾಬರಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಹೆಸರು ಬದಲಿಸಿದೆ. ಲಾಗಿನ್ ಪರದೆಯಲ್ಲಿ ಬದಲಾಯಿತು. ಫೋಲ್ಡರ್ ಮಾತ್ರ ಜಪ್ಪಯ್ಯ ಅಂದರೂ ಹಳೆಯ ಹೆಸರಲ್ಲೇ ಉಳಿಯಿತು. ಕೊನೆಗೆ ಹೊಸ ಅಕೌಂಟ್ ಮಾಡಿ, ಎಲ್ಲ ಫೈಲ್ ಅಲ್ಲಿಗೆ ಸಾಗಿಸಿ, ಹಳೆಯದನ್ನು ಅಳಿಸಬೇಕಾಯಿತು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಕಂಪ್ಯೂಟರಿಗೆ ಇಟ್ಟ ಹೆಸರನ್ನೂ ನೋಡಿಕೊಳ್ಳಿ. ಅದು ವೈಫೈ ರೌಟರಿನ ಪಟ್ಟಿಯಲ್ಲಿ ಕಾಣುತ್ತದೆ.

ಹಾಗಂತ ಅಡ್ಮಿನ್, ಟೆಸ್ಟ್ ಅಂತ ಎಲ್ಲರೂ ಇಡುವ ಹೆಸರನ್ನೂ ಇಡಬೇಡಿ, ಅದರಲ್ಲೂ ಇಂಟರ್ನೆಟ್ಟಿಗೆ ತೆರೆದಿರುವ ಸರ್ವರಿನಲ್ಲಿ. ನನ್ನ ಪುಟ್ಟ ಸರ್ವರಿನ ಲಾಗ್ ತೆರೆದರೆ ಸಾಲು ಸಾಲಾಗಿ ರೂಟ್, ಅಡ್ಮಿನ್, ಟೆಸ್ಟ್, ಪೈ ಅನ್ನೋ ಯೂಸರ್‌ನೇಮ್ ಹೇಳಿ ಬಾಗಿಲು ಬಡಿದ ಗುರುತು. ಅವು ಮನುಷ್ಯರಲ್ಲ, ಸಿದ್ಧ ಪಟ್ಟಿ ಹಿಡಿದು ತಾವಾಗೇ ಓಡಾಡುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮಾಡುವವರು ತಾವೇ ಕೊಡುತ್ತಿದ್ದ 'ಪೈ' ಅನ್ನೋ ಯೂಸರನ್ನು 2022ರಲ್ಲಿ ತೆಗೆದುಹಾಕಿದ್ದು ಸುಮ್ನೆ ಅಲ್ಲ. ಹೆಸರು ಬದಲಿಸಿದ ಮಾತ್ರಕ್ಕೆ ಬಾಗಿಲಿಗೆ ಬೀಗ ಬೀಳಲ್ಲ. ಬೀಗ ಅಂದರೆ ಪಾಸ್‌ವರ್ಡು, ಇಲ್ಲವೇ ಅದರ ಬದಲು ಬಳಸುವ ಕೀ ಫೈಲು. ಆದರೆ ಅರ್ಧ ಉತ್ತರವನ್ನು ನಾವೇ ಯಾಕೆ ಹೇಳಿಕೊಡಬೇಕು?

ಈಗ ನನ್ನ ಯೂಸರ್‌ನೇಮ್ ಐದು ಸಣ್ಣ ಇಂಗ್ಲಿಷ್ ಅಕ್ಷರ, ಅರ್ಥ ಏನೂ ಇಲ್ಲ. ನಡುವೆ ಸ್ಪೇಸ್ ಇಟ್ಟಿಲ್ಲ, ಸ್ಪೇಸ್ ಇದ್ದರೆ ಕೆಲವು ಹಳೆಯ ಪ್ರೋಗ್ರಾಂಗಳು ಮುನಿಸಿಕೊಳ್ಳುತ್ತವೆ. ಇಮೇಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾವ ಫೈಲ್ ಹೊರಗೆ ಕಳಿಸುವ ಮುಂಚೆಯೂ ಕಂಟ್ರೋಲ್ ಎಫ್ ಒತ್ತಿ ನನ್ನ ಹೆಸರನ್ನು ನಾನೇ ಹುಡುಕುತ್ತೇನೆ, ಫೈಲಿನ ಪ್ರಾಪರ್ಟೀಸನ್ನೂ ತೆರೆದು ನೋಡುತ್ತೇನೆ. ಹೋದ ವಾರವೂ ಒಂದು ಕಡೆ ಸಿಕ್ಕಿತು, ಹಳೆಯ ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ, ಬರೆದವರ ಹೆಸರಿರುವ ಆಥರ್ ಜಾಗದಲ್ಲಿ.