50ಎಂಎಂ ಪ್ರೈಮ್ ಒಳ್ಳೆಯದೋ, 55-250 ಜೂಮ್ ಒಳ್ಳೆಯದೋ? ಹಕ್ಕಿ, ಹೂವು, ಮದುವೆ, ಬೇಲೂರು ಸುತ್ತಿ ನೋಡಿದ್ದು

ನನ್ನದು ಕ್ಯಾನನ್ 200ಡಿ ಕ್ಯಾಮೆರಾ. ಅದರ ಜೊತೆಗೇ ಬಂದ 18-55 ಲೆನ್ಸ್ ಬಿಟ್ಟರೆ ನನ್ನ ಹತ್ತಿರ ಇರುವುದು ಎರಡೇ. ಒಂದು 50ಎಂಎಂ ಎಫ್ 1.8 ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸ್; ಇನ್ನೊಂದು 55-250 ಜೂಮ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಅಗಲವಾಗಿ ತೆರೆದು ಹೆಚ್ಚು ಬೆಳಕು ಒಳಗೆ ಬರುತ್ತದೆ. ಎರಡೂ ಎಸ್‌ಟಿಎಂ, ಅಂದರೆ ಸ್ಟೆಪ್ಪಿಂಗ್ ಮೋಟಾರ್‌ನಿಂದ ಫೋಕಸ್ ಮಾಡುವ ಮಾದರಿ. ಮೊದಲನೆಯದು 160 ಗ್ರಾಂ, ಜೇಬಲ್ಲಿ ಹಾಕಿಕೊಳ್ಳಬಹುದು. ಎರಡನೆಯದು 375 ಗ್ರಾಂ. ಹೊಸದಾಗಿ ಕ್ಯಾಮೆರಾ ತಗೊಂಡವರು ಕೇಳುವುದು ಇದನ್ನೇ ಅಲ್ವಾ: ಮುಂದಿನ ಲೆನ್ಸ್ ಇವೆರಡರಲ್ಲಿ ಯಾವುದು? ಒಂದು ವರ್ಷ ಹೋದಲ್ಲೆಲ್ಲ ಎರಡನ್ನೂ ಹೊತ್ತುಕೊಂಡು ಹೋದೆ. ಒಂದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದೆ.

ಹಕ್ಕಿಗಳ ಮಟ್ಟಿಗೆ ಪೈಪೋಟಿಯೇ ಇಲ್ಲ. ಫೆಬ್ರವರಿಯಲ್ಲಿ ರಂಗನತಿಟ್ಟಿನ ದೋಣಿಯಲ್ಲಿ ಕೂತಿದ್ದೆ. ಬಣ್ಣದ ಕೊಕ್ಕರೆಗಳು ಮರದ ತುಂಬ ಗೂಡು ಕಟ್ಟಿದ್ದವು. 200ಡಿಯಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ 250ಎಂಎಂ ಇದರಲ್ಲಿ ದೊಡ್ಡ (ಫುಲ್ ಫ್ರೇಮ್) ಸೆನ್ಸರಿನ ಕ್ಯಾಮೆರಾದ 400ಎಂಎಂ ಲೆನ್ಸಿನಷ್ಟು ಹತ್ತಿರ ಎಳೆಯುತ್ತದೆ. ಕೊಕ್ಕರೆ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುವಾಗ ಬೆನ್ನಿನ ಹತ್ತಿರದ ರೆಕ್ಕೆಗರಿಗಳ ಗುಲಾಬಿ ಬಣ್ಣವೂ ಸಿಕ್ಕಿತು. 50ಎಂಎಂನಲ್ಲಿ ಅದೇ ಹಕ್ಕಿ ಒಂದು ಬಿಳಿ ಚುಕ್ಕೆ. ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆ, ಅದರ ಹಿಂದಿನ ನೀರು, ಮರ ಎಲ್ಲವೂ ಒಟ್ಟಿಗೆ ಬಂದ ಒಂದು ಫೋಟೋ ಮಾತ್ರ 50ರಲ್ಲಿ ಚೆನ್ನಾಗಿದೆ. ಒಂದು ಮಾತು: ದೋಣಿಯೂ ಅಲ್ಲಾಡುತ್ತದೆ, ಹಕ್ಕಿಯೂ ಹಾರುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ನಿಧಾನ ಮಾಡಬೇಡಿ. ಬೆಳ್ಳಕ್ಕಿಯ ಹಿಂದೆ ಕಡು ಹಸಿರು ಇದ್ದರೆ ಎಕ್ಸ್‌ಪೋಷರ್, ಅಂದರೆ ಫೋಟೋಗೆ ಸಿಗುವ ಬೆಳಕು, ಸ್ವಲ್ಪ ಇಳಿಸಿ. ಇಲ್ಲದಿದ್ದರೆ ರೆಕ್ಕೆಯ ಗೆರೆಗಳೆಲ್ಲ ಬಿಳಿಚಿಕೊಂಡು ಅಳಿಸಿಹೋಗುತ್ತವೆ.

ಹೂವಿನಲ್ಲಿ ನನ್ನ ಲೆಕ್ಕವೇ ತಲೆಕೆಳಗಾಯಿತು. 50ಎಂಎಂ 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ಜೂಮ್‌ಗೆ 85 ಸೆಂಟಿಮೀಟರ್ ದೂರ ಬೇಕು. ಹತ್ತಿರ ಹೋಗುವ ಲೆನ್ಸಿನಲ್ಲೇ ಹೂವು ದೊಡ್ಡದಾಗಿ ಬರುತ್ತದೆ ಅಂದುಕೊಂಡಿದ್ದೆ. ಮನೆಯ ಹಿತ್ತಲಲ್ಲಿ ಸ್ಕೇಲ್ ಇಟ್ಟು ನೋಡಿದೆ. 50ರಲ್ಲಿ ಫ್ರೇಮಿನ ಅಗಲಕ್ಕೆ ಸುಮಾರು 10.5 ಸೆಂಟಿಮೀಟರ್ ಹಿಡಿಸಿತು. ಜೂಮ್ 250ರಲ್ಲಿ ಹಿಡಿಸಿದ್ದು 7.7 ಸೆಂಟಿಮೀಟರ್ ಅಷ್ಟೇ. ಅಂದರೆ ದೂರ ನಿಂತ ಜೂಮ್‌ನಲ್ಲೇ ಹೂವು ದೊಡ್ಡದು! ದಾಸವಾಳದ ಕೇಸರ ಹೊರಗೆ ಚಾಚಿಕೊಂಡಿರುತ್ತದಲ್ಲ, ಅದರ ಮೇಲಿನ ಹಳದಿ ಪರಾಗದ ಕಾಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಿಂದಿನ ಬೇಲಿ, ಬಟ್ಟೆ ಒಣಹಾಕಿದ ಹಗ್ಗ ಎಲ್ಲ ಕರಗಿ ಬರೀ ಹಸಿರಾಯಿತು. ಚಿಟ್ಟೆ ಬಂದು ಕೂತಾಗಲಂತೂ ಈ ದೂರ ವರವೇ ಸರಿ. 35 ಸೆಂಟಿಮೀಟರ್ ಹತ್ತಿರ ಹೋದರೆ ಯಾವ ಚಿಟ್ಟೆ ತಾನೇ ಕೂತಿರುತ್ತದೆ?

ಇನ್ನೂ ಒಂದು ವಿಷಯ ಹೇಳಲೇಬೇಕು. ಎಲ್ಲರೂ ಮೂಲೆಗೆ ಹಾಕುವ 18-55 ಇದೆಯಲ್ಲ, ಅದು 55ರಲ್ಲಿ 25 ಸೆಂಟಿಮೀಟರ್ ಹತ್ತಿರ ಹೋಗುತ್ತದೆ. 50ಎಂಎಂಗಿಂತ ಅದರಲ್ಲೇ ಹೂವು ದೊಡ್ಡದಾಗಿ ಬರುತ್ತದೆ.  ಬೆಳಗ್ಗೆ ನೆಲದ ಮೇಲೆ ಉದುರಿದ ಪಾರಿಜಾತವನ್ನು ನಾನು ಈಗ ಅದರಲ್ಲೇ ತೆಗೆಯುತ್ತೇನೆ.

ಮದುವೆ ಬೇರೆಯದೇ ಆಟ. ಹಾಸನದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಛತ್ರದ ಒಳಗೆ ಟ್ಯೂಬ್‌ಲೈಟ್ ಬೆಳಕು. ಧಾರೆ ಎರೆಯುವಾಗ 50ಎಂಎಂ ಹಿಡಿದು ಎರಡು ಮೀಟರ್ ದೂರದಲ್ಲಿ, ಮದುವೆಯ ಫೋಟೋಗ್ರಾಫರ್‌ಗೆ ಅಡ್ಡ ಬರದ ಹಾಗೆ, ಕಂಬಕ್ಕೆ ಒರಗಿ ನಿಂತೆ. ಎಫ್ 2.8, ಶಟರ್ 1/100, ಐಎಸ್‌ಒ 1600. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವ ಸಂಖ್ಯೆ, ಹೆಚ್ಚಿಸಿದಷ್ಟೂ ಫೋಟೋದಲ್ಲಿ ಗ್ರೇನ್, ಅಂದರೆ ಸಣ್ಣ ಕಾಳುಕಾಳು ಚುಕ್ಕೆ, ಹೆಚ್ಚು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಇಟ್ಟರೆ ಫೋಟೋದಲ್ಲಿ ಅಡ್ಡಪಟ್ಟಿ ಬರುವುದಿಲ್ಲ. ಜೂಮ್‌ನಲ್ಲಿ ಎಫ್ 5.6, ಹಾಗಾಗಿ ಅದೇ ಬೆಳಕಿಗೆ ಐಎಸ್‌ಒ 6400 ಬೇಕಾಯಿತು. ರೇಷ್ಮೆ ಸೀರೆಯ ಜರಿಯ ಮೇಲೆ ಮರಳು ಚೆಲ್ಲಿದ ಹಾಗೆ ಗ್ರೇನ್.

50ರಲ್ಲೂ ಒಂದು ತಪ್ಪು ಮಾಡಿದೆ. ಎಫ್ 1.8 ಇದೆಯಲ್ಲ ಅಂತ ಪೂರ್ತಿ ತೆರೆದಿಟ್ಟೆ. ಎರಡು ಮೀಟರ್ ದೂರದಲ್ಲಿ ಆಗ ಫೋಕಸ್ ಸಿಗುವ ಆಳ ಬರೀ 11 ಸೆಂಟಿಮೀಟರ್. ಅಂತರಪಟ ಸರಿದು, ಹುಡುಗಿ ಹುಡುಗನ ತಲೆ ಮೇಲೆ ಜೀರಿಗೆ ಬೆಲ್ಲ ಇಟ್ಟ ಆ ಕ್ಷಣದಲ್ಲಿ ಅವಳ ಕೈಬಳೆ ಸ್ಪಷ್ಟ, ಇಬ್ಬರ ಮುಖವೂ ಬ್ಲರ್. ಆ ಕ್ಷಣ ಮತ್ತೆ ಬರುವುದಿಲ್ಲ. ಇಬ್ಬರು ಫ್ರೇಮಿನಲ್ಲಿದ್ದರೆ ಎಫ್ 2.8ಕ್ಕಿಂತ ತೆರೆಯಬೇಡಿ, ಮೂರು ಜನ ಇದ್ದರೆ ಎಫ್ 4ಕ್ಕೆ ಹೋಗಿ.

ಆದರೆ ಆ ಮದುವೆಯಲ್ಲಿ ನನಗೆ ತುಂಬ ಇಷ್ಟವಾದ ಫೋಟೋ ಜೂಮ್‌ನದು. ಕಿಟಕಿ ಪಕ್ಕ ನಿಂತು ಚಿಕ್ಕಮ್ಮ ಸೆರಗಿನ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಐದನೇ ಸಾಲಿನ ಕುರ್ಚಿಯಲ್ಲಿದ್ದೆ. 50 ಹಿಡಿದು ಹತ್ತಿರ ಹೋಗಿದ್ದರೆ ತಕ್ಷಣ ಮುಖ ಸರಿಮಾಡಿಕೊಂಡು, "ಊಟ ಆಯ್ತೇನೋ?" ಅನ್ನುತ್ತಿದ್ದರು.

ಮದುವೆಯ ಮಾರನೇ ದಿನ ಬೇಲೂರಿಗೆ ಹೋದೆವು. ಎರಡು ಲೆನ್ಸಿಗೂ ನಿಜವಾದ ಪರೀಕ್ಷೆ ಆಗಿದ್ದು ಅಲ್ಲೇ. 1117ರ ಚೆನ್ನಕೇಶವ ದೇವಸ್ಥಾನ. ಮದನಿಕೆಯರು 42, ಅದರಲ್ಲಿ 38 ಹೊರಗಡೆ, ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ. ಕತ್ತೆತ್ತಿ ನೋಡಿದರೆ ಗೈಡ್ ಕೈ ತೋರಿಸುವುದು ಕಣ್ಣಿಗೆ ಅರ್ಧಂಬರ್ಧ ಕಾಣುತ್ತದೆ. ಜೂಮ್ ಹಾಕಿದಾಗ ದರ್ಪಣ ಸುಂದರಿಯ ಬೆರಳಿನ ಉಂಗುರ, ಮುಂಗುರುಳು ಎಲ್ಲ ಎದುರಿಗೆ ಬಂದು ನಿಂತವು. ಬಳಪದ ಕಲ್ಲನ್ನು ಎಷ್ಟು ನಯವಾಗಿ ಕೆತ್ತಿದ್ದಾರೆ ಅಂತ ನಾನು ಅವತ್ತೇ ಸರಿಯಾಗಿ ನೋಡಿದ್ದು. ಸೂರಿನ ನೆರಳಿರುತ್ತದೆ, ಐಎಸ್‌ಒ 800 ಇಡಿ. 50ಎಂಎಂ ಅಲ್ಲಿ ಎರಡು ಕಡೆಯಿಂದಲೂ ಸೋತಿತು. ಮದನಿಕೆ ಹತ್ತಿರ ಬರಲಿಲ್ಲ, ದೇವಸ್ಥಾನ ಪೂರ್ತಿ ಹಿಡಿಸಲೂ ಇಲ್ಲ. ಪೂರ್ತಿ ಗುಡಿಗೆ 18-55 ತೆಗೆಯಲೇಬೇಕಾಯಿತು.

ಒಳಗೆ ನವರಂಗಕ್ಕೆ ಕಾಲಿಟ್ಟಾಗ ಆಟ ತಿರುಗಿತು. ಹೊರಗಿನ ಬಿಸಿಲಿನಿಂದ ಬಂದವರಿಗೆ ಮೊದಲು ಏನೂ ಕಾಣದಷ್ಟು ಕತ್ತಲು. 50ರಲ್ಲಿ ಎಫ್ 1.8, ಐಎಸ್‌ಒ 3200, ಶಟರ್ 1/80 ಸಿಕ್ಕಿತು. ಜೂಮ್‌ನ 55ರಲ್ಲಿ ಎಫ್ 4, ಶಟರ್ 1/15ಕ್ಕೆ ಇಳಿಯಿತು. ಜೂಮ್‌ನಲ್ಲಿ ಕೈ ನಡುಕ ತಡೆಯುವ ಐಎಸ್ ಇದೆ, 50ರಲ್ಲಿ ಇಲ್ಲ. ಹಾಗಾಗಿ ಕಡೆದ ಹಾಗೆ ಹೊಳೆಯುವ ಕಂಬಗಳು ಜೂಮ್‌ನಲ್ಲೂ ಸ್ಪಷ್ಟವಾಗೇ ಬಂದವು. ಕಲ್ಲು ಅಲ್ಲಾಡುವುದಿಲ್ಲವಲ್ಲ. ಆದರೆ ಒಬ್ಬ ಅಜ್ಜಿ ಬಂದು ಕಂಬವನ್ನು ಅಂಗೈಯಿಂದ ಸವರಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಐಎಸ್ ತಡೆಯುವುದು ನಮ್ಮ ಕೈಯ ಅಲುಗಾಟವನ್ನು, ಅವರದ್ದನ್ನಲ್ಲ. ಜೂಮ್‌ನಲ್ಲಿ ಆ ಕೈ ಮಂಜಾಯಿತು. ಅವರು ಮುಂದಿನ ಕಂಬಕ್ಕೆ ಹೋಗುವಷ್ಟರಲ್ಲಿ 50 ಹಾಕಿಕೊಂಡೆ. ಅದರಲ್ಲಿ ಕೈಯ ನರ, ಹಸಿರು ಗಾಜಿನ ಬಳೆ ಎಲ್ಲ ಸಿಕ್ಕಿತು.

ಈಗ ನಾನು ಯಾರಿಗಾದರೂ ಹೇಳುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮಗೆ ಬೇಕಾದ್ದು ದೂರ ಇದೆಯಾ, ಕತ್ತಲಲ್ಲಿದೆಯಾ? ನನಗೆ ಒಂದನ್ನೇ ಇಟ್ಟುಕೋ ಅಂದರೆ ಜೂಮ್ ಇಟ್ಟುಕೊಳ್ಳುತ್ತೇನೆ. ಹಕ್ಕಿ, ಹೂವು, ಶಿಲ್ಪ ನನ್ನ ಹುಚ್ಚು, ಮೂರಕ್ಕೂ ಅದೇ ಬೇಕು. ಹೋದ ವಾರ ಭಾವ ಫೋನ್ ಮಾಡಿ ಇದೇ ಕೇಳಿದರು. ಅವರ ಮನೆಯಲ್ಲಿ ಮೂರು ತಿಂಗಳ ಮಗು, ತೊಟ್ಟಿಲು ಇರುವುದು ಒಂದೇ ಕಿಟಕಿಯ ರೂಮಿನಲ್ಲಿ. ಯೋಚನೆಯೇ ಬೇಡ ಭಾವ, 50 ತಗೊಳ್ಳಿ ಅಂದೆ.