ಎಂಜಿನ್ ಬದಲಿಸುವವರೇ, ಟ್ಯೂನಿಂಗ್ ಟೂಲ್ ವಿಚಾರದಲ್ಲಿ ನಾನು ಮಾಡಿದ ತಪ್ಪು ಮಾಡಬೇಡಿ

ಹಳೆ ಜೀಪಿಗೆ ಕಾಮನ್ ರೈಲ್ ಎಂಜಿನ್ (ಕಂಪ್ಯೂಟರ್ ನಡೆಸುವ ಡೀಸೆಲ್ ಎಂಜಿನ್) ಹಾಕಿಸಬೇಕೆಂದು ಗುಜರಿ ಸುತ್ತುತ್ತಿರುವವರು ರೊಕ್ಕ ಕೊಡುವ ಮೊದಲು ಇದನ್ನು ಓದಿ. ನನಗೆ 60 ಸಾವಿರಕ್ಕೂ ಹೆಚ್ಚು ಹೋಯಿತು, ಜೊತೆಗೆ ಒಂದು ಮುಂಗಾರೂ ಹೋಯಿತು. ಎಂಜಿನ್‌ನಲ್ಲಿ ಏನೂ ದೋಷ ಇರಲಿಲ್ಲ. ಅದನ್ನು ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಓದಿ ಬದಲಿಸಲು ನಾನು ಆರಿಸಿದ ಟೂಲ್ ತಪ್ಪಾಗಿತ್ತು.

ನಮ್ಮದು ಅಪ್ಪನ ಕಾಲದ ಮಹೀಂದ್ರಾ ಜೀಪು. ಹೊಲ ಕಲಬುರಗಿಯಿಂದ ಆಳಂದ ರಸ್ತೆ ಕಡೆ, ಪೂರಾ ಎರೆ ಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಫೋರ್ ವೀಲ್ ಇಲ್ಲದ ಗಾಡಿ ಅಲ್ಲಿ ಒಂದು ಮಾರು ದೂರವೂ ಹೋಗುವುದಿಲ್ಲ. ಹಳೆ ಎಂಜಿನ್ ಆಯಿಲ್ ಕುಡಿದು ಕುಡಿದು ಸೋತಿತ್ತು. ಏಪ್ರಿಲ್‌ನಲ್ಲಿ ಹೈದರಾಬಾದಿನ ಗುಜರಿಯೊಂದರಿಂದ ಸ್ಕಾರ್ಪಿಯೊ ಎಂಜಿನ್, ಗೇರ್ ಬಾಕ್ಸ್ ತಂದೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಡಬ್ಬಿಯನ್ನೂ ಕೊಟ್ಟರು. ಆದರೆ ವೈರಿಂಗನ್ನು ಡಬ್ಬಿಯಿಂದ ಎರಡು ಗೇಣು ಬಿಟ್ಟು ಕಟರ್‌ನಿಂದ ಕತ್ತರಿಸಿದ್ದರು. ಕೀಲಿ, ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಓಡಗೊಡದ ಕಳ್ಳತನ ತಡೆ), ಮೀಟರ್ ಬೋರ್ಡ್ ಎಲ್ಲ ಅಲ್ಲೇ ಉಳಿದವು. ಅವು ಬೇಕಾಗುತ್ತವೆಯೆಂದು ನನಗೆ ಹೊಳೆಯಲೂ ಇಲ್ಲ, ನಾನು ಕೇಳಲೂ ಇಲ್ಲ.

ರಿಂಗ್ ರೋಡಿನ ಶೆಡ್ಡಿನ ಮಿಸ್ತ್ರಿ ಕೆಲಸದಲ್ಲಿ ಹೆಸರಿಡುವಂತಿಲ್ಲ. ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಎಲ್ಲ ಅಚ್ಚುಕಟ್ಟು. ಅವರು ಮೊದಲೇ ಹೇಳಿದ್ದರು, "ಎಂಜಿನ್ ಕೂಡ್ರಸೋದು ನನ್ನ ಕೆಲಸರಿ ಅಣ್ಣಾರ. ಅದರ ತಲಿಯಾಗ ಏನದ ಅನ್ನೋದು ನನಗ ತಿಳಿಯೂದಿಲ್ಲ, ಅದಕ್ಕ ಬ್ಯಾರೆ ಮಂದಿ ನೋಡ್ರಿ." ಬೇರೆ ಮಂದಿಯನ್ನು ನೋಡುವ ಬದಲು ನಾನು ಮೊಬೈಲ್ ನೋಡಿದೆ.

ಹಳೆ ಡೀಸೆಲ್ ಎಂಜಿನ್ ಆದರೆ ಪಂಪಿನ ಸೊಲೆನಾಯ್ಡಿಗೆ ಒಂದು ವೈರ್ ಕೊಟ್ಟರೆ ಮುಗಿಯಿತು, ತಳ್ಳಿಯಾದರೂ ಚಾಲೂ ಮಾಡಬಹುದು. ಕಾಮನ್ ರೈಲ್ ಹಾಗಲ್ಲ. ಬಾಷ್‌ನ ಎರಡನೇ ಪೀಳಿಗೆಯ ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ 1600 ಬಾರ್‌ವರೆಗೂ ಏರುತ್ತದೆ. ಯಾವ ಇಂಜೆಕ್ಟರ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಇಸಿಯು ಕೈಯಲ್ಲಿ. ಅದಕ್ಕೆ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ಎಲೆಕ್ಟ್ರಾನಿಕ್ ಪೆಡಲ್, ಬ್ರೇಕ್ ಸ್ವಿಚ್ಚು ಕಾಣಬೇಕು. ಇಮ್ಮೊಬಿಲೈಸರ್ ಕೀಲಿಯನ್ನು ಒಪ್ಪಿದ ಸುದ್ದಿಯೂ ಮುಟ್ಟಬೇಕು. ಆ ಸುದ್ದಿ ಮುಟ್ಟದೆ ನಮ್ಮ ಜೀಪು ಚಾಲೂ ಆಗಿ ಎರಡೇ ಸೆಕೆಂಡಿಗೆ ಬಂದ್ ಆಗುತ್ತಿತ್ತು.

ಮೊದಲು 700 ರೂಪಾಯಿಯ ಇಎಲ್ಎಂ 327 ತಂದೆ. ಅದು ಫಾಲ್ಟ್ ಕೋಡ್ (ದೋಷದ ಸಂಕೇತ) ಓದುವ ಸ್ಕ್ಯಾನರ್, ಇಸಿಯು ಸಾಫ್ಟ್‌ವೇರ್ ಬದಲಿಸುವುದು ಅದರ ಕೆಲಸವಲ್ಲ. ಅದೂ ಹತ್ತು ಸಲಕ್ಕೆ ಒಂದು ಸಲ ಕನೆಕ್ಟ್ ಆಗುತ್ತಿತ್ತು. ಅಗ್ಗದ ಮಾಲು, ಹೀಗೇ ಇರಬೇಕು ಎಂದುಕೊಂಡು ಬಿಟ್ಟೆ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

ಆಮೇಲೆ ಇಸಿಯು ಸಾಫ್ಟ್‌ವೇರ್ ಓದಿ ಬರೆಯಲು ಆನ್‌ಲೈನಿನಲ್ಲಿ 9,500 ರೂಪಾಯಿಗೆ ಒಂದು ನೀಲಿ ಡಬ್ಬಿ ತರಿಸಿದೆ. ಇಟಲಿಯ ಏಲಿಯನ್‌ಟೆಕ್ ಕಂಪನಿಯ ಕೆಸ್ ಎಂಬ ಟೂಲ್‌ನ ನಕಲು. ಜೊತೆಗೆ ಬಂದ ಚೀಟಿಯಲ್ಲಿ ಎರಡು ಸೂಚನೆ ಇದ್ದವು: ಆ್ಯಂಟಿವೈರಸ್ ತೆಗೆದುಹಾಕಿ, ಇಂಟರ್‌ನೆಟ್‌ಗೆ ಜೋಡಿಸಬೇಡಿ. ಅಷ್ಟು ಓದಿದಾಗಲೇ ನಾನು ಅದನ್ನು ವಾಪಸ್ ಕಳಿಸಬೇಕಿತ್ತು. ಅಸಲಿ ಟೂಲ್ ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ. ಎಷ್ಟೋ ಹೊಸ ಇಸಿಯುಗಳನ್ನು ಓಬಿಡಿ ಸಾಕೆಟ್ಟಿನಿಂದ (ಗಾಡಿಯಲ್ಲಿ ಸ್ಕ್ಯಾನರ್ ಜೋಡಿಸುವ ಜಾಗ) ಓದಲು ಬರುವುದೇ ಇಲ್ಲ. ಅಂಥವಕ್ಕೆ ಅಸಲಿ ಟೂಲ್ ಇಸಿಯುವಿನ ನಂಬರ್ ತೆಗೆದುಕೊಂಡು ಮೂಲ ಫೈಲನ್ನು ಸರ್ವರಿನಿಂದ ತರಿಸುತ್ತದೆ. ನಕಲಿಗೆ ಆ ದಾರಿಯೇ ಇಲ್ಲ. ಪಟ್ಟಿಯಲ್ಲಿ "ಬಾಷ್" ಎಂದು ಕಂಡ ಕೂಡಲೇ ನಾನು ನಂಬಿದೆ. ಇಸಿಯು ಕುಟುಂಬ ಒಂದೇ ಆದರೂ ಗಾಡಿ ಬದಲಾದರೆ ಪ್ರೊಟೊಕಾಲ್ (ಟೂಲ್ ಜೊತೆ ಮಾತಾಡುವ ರೀತಿ) ಬೇರೆಯಿರಬಹುದು ಎಂಬುದು ಆಗ ಗೊತ್ತಿರಲಿಲ್ಲ.

ಡಬ್ಬಿ ಒಂದು ಫೈಲ್ ಓದಿಕೊಟ್ಟಿತು. ಅದನ್ನೇ ಬ್ಯಾಕಪ್ ಎಂದು ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿ ಇಟ್ಟೆ. ಇಮ್ಮೊಬಿಲೈಸರ್ ತೆಗೆದ ಫೈಲನ್ನು ಒಬ್ಬರಿಂದ ದುಡ್ಡು ಕೊಟ್ಟು ಮಾಡಿಸಿ, ಮೇ ತಿಂಗಳ ಒಂದು ರಾತ್ರಿ ಇಸಿಯುಗೆ ಬರೆಯಲು ಕೂತೆ. ನಮ್ಮೂರಿನ ಮೇ ಸೆಕೆ ನಿಮಗೆ ಗೊತ್ತು, ರಾತ್ರಿ ಹತ್ತಾದರೂ ಶೆಡ್ಡಿನ ತಗಡು ಕಾವು ಬಿಟ್ಟಿರಲಿಲ್ಲ. ಬಲ್ಬು, ಫ್ಯಾನು ಎರಡನ್ನೂ ಜೀಪಿನ ಬ್ಯಾಟರಿಗೇ ಕೊಟ್ಟಿದ್ದೆವು. ಬರೆಯುವ ಕೆಲಸ 64 ಪರ್ಸೆಂಟಿಗೆ ಬಂದು ನಿಂತಿತು. ಮೀಟರ್ ಹಿಡಿದರೆ ಬ್ಯಾಟರಿ 11.4 ವೋಲ್ಟಿಗೆ ಇಳಿದಿತ್ತು. ಅಷ್ಟೇ. ಆಮೇಲೆ ಆ ಇಸಿಯು ಯಾವುದಕ್ಕೂ ಉತ್ತರ ಕೊಡಲಿಲ್ಲ.

ಹೈದರಾಬಾದಿನ ಒಬ್ಬ ಟ್ಯೂನರ್ (ಇಸಿಯು ಸಾಫ್ಟ್‌ವೇರ್ ಕೆಲಸ ಮಾಡುವವರು) ಬಳಿ ಒಯ್ದೆ. ಅವರು ಮೊದಲು ಕೇಳಿದ್ದು ಎಂಜಿನ್ ಕೊಂಡ ಬಿಲ್ಲು. ಕದ್ದ ಗಾಡಿಯವರೂ ಇಮ್ಮೊಬಿಲೈಸರ್ ತೆಗೆಸಲು ಬರುತ್ತಾರೆ, ಬಿಲ್ಲಿಲ್ಲದೆ ಮುಟ್ಟುವುದಿಲ್ಲ ಅಂದರು. ಹೀಗೆ ಬಿಲ್ಲು ಕೇಳುವವರನ್ನೇ ಹುಡುಕಿ. ಅವರು ಇಸಿಯು ಡಬ್ಬಿ ಬಿಚ್ಚಿ ಬೆಂಚ್ ಮೇಲೆ ನೇರವಾಗಿ ಓದಲು ನೋಡಿದರು. ನನ್ನ "ಬ್ಯಾಕಪ್" ತೋರಿಸಿದೆ. ಅದರಲ್ಲಿ ಮ್ಯಾಪ್ (ಡೀಸೆಲ್ ಲೆಕ್ಕದ ಕೋಷ್ಟಕ) ಇರುವ ಭಾಗವಷ್ಟೇ ಇತ್ತು, ಇಮ್ಮೊಬಿಲೈಸರ್ ಮಾಹಿತಿ ಇರುವ ಈಪ್ರಾಮ್ ಎಂಬ ಮೆಮೊರಿಯ ಕಾಪಿ ಇರಲಿಲ್ಲ. ಇಸಿಯು ಉಳಿಯಲಿಲ್ಲ. ಅದೇ ನಂಬರಿನ ಇನ್ನೊಂದು ಇಸಿಯುಗೆ 18 ಸಾವಿರ, ಬೆಂಚ್ ಕೆಲಸಕ್ಕೆ 22 ಸಾವಿರ. ಈ ಸಲ ಕೆಲಸ ಶುರುವಾಗುವ ಮೊದಲೇ ಪೂರ್ತಿ ಫ್ಲ್ಯಾಶ್ (ಸಾಫ್ಟ್‌ವೇರ್ ಇರುವ ಮೆಮೊರಿ), ಈಪ್ರಾಮ್ ಎರಡರ ಕಾಪಿಯೂ ನನ್ನ ಪೆನ್‌ಡ್ರೈವಿಗೆ ಬಂತು.

ಜೀಪಿಗೆ ಹಾಕಿದಾಗ ಎಂಜಿನ್ ಓಡಿತು. ಸ್ಕ್ಯಾನರ್ ಮಾತ್ರ ಮೊದಲಿನಂತೆಯೇ ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಟ್ಯೂನರಿಗೆ ಫೋನ್ ಮಾಡಿದೆ. ಬ್ಯಾಟರಿ ಬಿಚ್ಚಿ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ನೋಡಿ ಅಂದರು. 120 ತೋರಿಸಿತು. 60 ಇರಬೇಕಿತ್ತು. ಕ್ಯಾನ್ ಲೈನಿನ (ಗಾಡಿಯ ಡಬ್ಬಿಗಳು ಒಂದಕ್ಕೊಂದು ಮಾತಾಡುವ ಎರಡು ವೈರ್) ಎರಡೂ ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸೇರಿದರೆ 60 ತೋರಿಸುತ್ತದೆ. ನಮ್ಮದರಲ್ಲಿ ಒಂದು ಇಸಿಯು ಒಳಗಿತ್ತು, ಇನ್ನೊಂದು ನಾನು ಗುಜರಿಯಲ್ಲಿ ಬಿಟ್ಟು ಬಂದ ಸಾಮಾನಿನಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 120 ಓಮಿನ ರೆಸಿಸ್ಟರ್ ತಂದು ಹಾಕಿದೆ, ಚಿಲ್ಲರೆ ರೊಕ್ಕದ ಮಾಲು. ಸ್ಕ್ಯಾನರ್ ಆ ಕ್ಷಣಕ್ಕೇ ಹಿಡಿಯಿತು. ಏಪ್ರಿಲಿನಿಂದ ಆ 700 ರೂಪಾಯಿಯ ಸಾಧನ ಹೇಳುತ್ತಿದ್ದದ್ದು ಇದನ್ನೇ. ಸುಸ್ತಾದ ಬ್ಯಾಟರಿ, ಅರ್ಧಂಬರ್ಧ ಲೈನು, ನಕಲಿ ಡಬ್ಬಿ ಮೂರೂ ಆ ರಾತ್ರಿ ಒಂದೇ ಕಡೆ ಸೇರಿದ್ದವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾಲ್ಕೂ ಇಂಜೆಕ್ಟರುಗಳ ಮೇಲಿನ ಕೋಡನ್ನು ಹೊಸ ಇಸಿಯುಗೆ ತುಂಬಿಸಿದ ಮೇಲೆ ಐಡಲ್ ನಡುಕವೂ ನಿಂತಿತು. ಅಷ್ಟರಲ್ಲಿ ಜುಲೈ ಮುಗಿದಿತ್ತು, ತೊಗರಿ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರೇ ಗತಿಯಾಗಿತ್ತು.

ಹಾಗಾಗಿ ಎಂಜಿನ್ ನೋಡಲು ಹೋದಾಗ ಮೊದಲು ಇಸಿಯು ಮೇಲಿನ ಚೀಟಿಯ ಫೋಟೊ ತೆಗೆಯಿರಿ. ಬಾಷ್ ಡೀಸೆಲ್ ಇಸಿಯು ನಂಬರ್ 0281ರಿಂದ, ಪೆಟ್ರೋಲಿನದು 0261ರಿಂದ ಶುರುವಾಗುತ್ತದೆ. 1037ರಿಂದ ಶುರುವಾಗುವುದು ಸಾಫ್ಟ್‌ವೇರ್ ನಂಬರ್. ಆ ಫೋಟೊವನ್ನು ಟ್ಯೂನರಿಗೆ ಕಳಿಸಿ, ಇದೇ ಇಸಿಯುವನ್ನು ನಿಮ್ಮ ಟೂಲ್ ಪೂರ್ತಿ ಓದಿ ಬರೆಯುತ್ತದೆಯೇ, ಅರ್ಧಕ್ಕೆ ನಿಂತರೆ ಬದುಕಿಸುತ್ತದೆಯೇ ಎಂದು ಕೇಳಿ. ಹೌದು ಎಂದ ಮೇಲೇ ಎಂಜಿನ್‌ಗೆ ಮುಂಗಡ ಕೊಡಿ. ಕೀಲಿ, ಇಮ್ಮೊಬಿಲೈಸರ್, ಪೆಡಲ್, ಮೀಟರ್ ಬೋರ್ಡ್, ಕತ್ತರಿಸದ ವೈರಿಂಗ್ ಎಲ್ಲ ಒಂದೇ ಗಾಡಿಯದು ಕೇಳಿ ಪಡೆಯಿರಿ. ಬರೆಯುವಾಗ ಬ್ಯಾಟರಿಯನ್ನಷ್ಟೇ ನಂಬಬೇಡಿ, ವೋಲ್ಟೇಜ್ ಇಳಿಯದಂತೆ ನಿಲ್ಲಿಸುವ ಪವರ್ ಸಪ್ಲೈ ಜೋಡಿಸಿ.

ಅಮೆರಿಕದ ವಿಡಿಯೊ ನೋಡಿ ಎಚ್‌ಪಿ ಟ್ಯೂನರ್ಸ್ ಎಂಬ ಟೂಲ್ ತರಿಸಬೇಕೇ ಎಂದು ಇಬ್ಬರು ಕೇಳಿದರು. ಅಲ್ಲಿನವರು ಅದನ್ನು ಹೆಚ್ಚಾಗಿ ಜನರಲ್ ಮೋಟಾರ್ಸ್ ಎಂಜಿನ್‌ಗಳಿಗೆ ಬಳಸುತ್ತಾರೆ, ನಮ್ಮ ಸ್ಕಾರ್ಪಿಯೊಗೆ ಅದು ದಾರಿಯಲ್ಲ. ಬೀದರಿನ ಗೆಳೆಯನೊಬ್ಬ ತನ್ನ ಜಿಪ್ಸಿಯ ಪೆಟ್ರೋಲ್ ಎಂಜಿನ್‌ಗೆ ಸ್ಪೀಡುಯಿನೊ ಎಂಬ ನಾವೇ ಜೋಡಿಸಿಕೊಳ್ಳುವ ಇಸಿಯು ಹಾಕಿ ಚೆನ್ನಾಗಿ ಓಡಿಸುತ್ತಿದ್ದಾನೆ. ಹಳೆ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೆ ಒಂದು ಇಂಜೆಕ್ಟರ್ ಇರುವ) ಪೆಟ್ರೋಲ್ ಎಂಜಿನ್‌ಗೆ ಅದು ಒಳ್ಳೆಯದೇ. ಆದರೆ ಕಾಮನ್ ರೈಲ್ ಇಂಜೆಕ್ಟರನ್ನು ಅದರಿಂದ ನಡೆಸಲಾಗದು.

ಇನ್ನೊಂದು ಮಾತು. ಆರ್‌ಟಿಒ ಅನುಮತಿಯಿಲ್ಲದೆ ಎಂಜಿನ್ ಬದಲಿಸಿ ರಸ್ತೆಗಿಳಿಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿನ ಬಗ್ಗೆ ಬಿಗಿಯಾಗಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ನನ್ನ ಜೀಪು ಸದ್ಯ ಹೊಲ ದಾಟಿ ಹೊರಗೆ ಬರುವುದಿಲ್ಲ.

ಹೋದ ವಾರ ಸೇಡಂ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಆ ನೀಲಿ ಡಬ್ಬಿ ಹೆಂಗೂ ಬಿದ್ದದಲ್ಲ, ಮೂರು ಸಾವಿರ ಕೊಡ್ತೀನಿ, ಕೊಡ್ರಿ" ಅಂದ. ಕೊಡಲಿಲ್ಲ. ಅವನ ಇಸಿಯು ಚೀಟಿಯ ಫೋಟೊ ಕಳಿಸು ಅಂದಿದ್ದೇನೆ, ಕಾಯುತ್ತಿದ್ದೇನೆ.