ಮೂರು ಶಾಲೆ, ಇಬ್ಬರು ಮಕ್ಕಳು: ಕಾರವಾರದಲ್ಲಿ ನಾವು ಆರಿಸಿಕೊಂಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇಟೆಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ. ಮಗಳು ಎರಡನೇ ತರಗತಿವರೆಗೆ ಖಾಸಗಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದಳು. ಮೂರನೇ ತರಗತಿಗೆ ಈ ಶಾಲೆಗೆ ಸೇರಿಸಿದೆವು, ಈಗ ಐದರಲ್ಲಿದ್ದಾಳೆ. ಮಗ ಮನೆ ಹತ್ತಿರದ ಪುಟ್ಟ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ. ಮೂರೂ ಕಡೆ ಪಾಲಕರ ಸಭೆಯಲ್ಲಿ ಕೂತು ನೋಡಿದವಳು ನಾನು. ಶಾಲೆಗಳ ಹೆಸರು ಮಾತ್ರ ಬೇಡ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಮನೆಯವರು ಬೈತಖೋಲ ಬಂದರಿನಲ್ಲಿ ಮೀನು ಹಿಡಿಯುವ ಬೋಟಿಗೆ ಹೋಗುವವರು. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಖಾಸಗಿ ಶಾಲೆಯ ಮೊದಲ ಕಂತು, ಪುಸ್ತಕ, ಸಮವಸ್ತ್ರ, ವ್ಯಾನು ಎಲ್ಲಕ್ಕೂ ದುಡ್ಡು ಬೇಕಾಗುವುದು ಸರಿಯಾಗಿ ಜೂನ್‌ನಲ್ಲೇ. ಸರಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಹಾಲು, ಮೊಟ್ಟೆಗೆ ನಾವು ಕೈಯಿಂದ ಹಾಕುವುದು ಏನೂ ಇಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಅಲ್ಲಿ ಎಂಥ ಮಕ್ಕಳು ಬರುತ್ತಾರೆ? ಮಗಳ ತರಗತಿಯಲ್ಲಿ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳೇ ಜಾಸ್ತಿ. ಉರ್ದು ಮಾತಾಡುವವರಿದ್ದಾರೆ. ಕಟ್ಟಡ ಕೆಲಸಕ್ಕೆಂದು ಕೊಪ್ಪಳ, ರಾಯಚೂರು ಕಡೆಯಿಂದ ಬಂದವರ ಮಕ್ಕಳಿದ್ದಾರೆ. ಅವರು ಊರ ಜಾತ್ರೆಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಬಂದ ಮೇಲೆ ಟೀಚರು ಅವರನ್ನು ಬೇರೆ ಕೂರಿಸಿಕೊಂಡು ಹಿಂದಿನ ಪಾಠ ಹೇಳಿಕೊಡುತ್ತಾರೆ. ಖಾಸಗಿ ಶಾಲೆಯಲ್ಲಿ ಮಗಳ ಜೊತೆ ಇದ್ದವರು ಹೆಚ್ಚಾಗಿ ನೌಕರಿಯವರ, ಅಂಗಡಿಯವರ ಮಕ್ಕಳು. ಸಂಜೆ ಅವರಿಗೆ ಟ್ಯೂಶನ್ ಇರುತ್ತಿತ್ತು, ಮನೆಯಲ್ಲಿ ಹೇಳಿಕೊಡಲು ಡಿಗ್ರಿ ಮಾಡಿದ ತಾಯಿ ಇರುತ್ತಿದ್ದರು.

ಹೀಗಿರುವಾಗ ಎರಡು ಶಾಲೆಯ ಅಂಕಗಳನ್ನು ಪಕ್ಕಪಕ್ಕ ಇಟ್ಟು ತೂಗಿದರೆ ಏನು ಗೊತ್ತಾಗುತ್ತದೆ? ಒಂದು ಕಡೆ ಮನೆ ಕಲಿಸಿದ್ದೂ ಅಂಕದಲ್ಲಿ ಸೇರಿದೆ. ಇನ್ನೊಂದು ಕಡೆ ಕಲಿತದ್ದೆಲ್ಲ ಶಾಲೆಯಲ್ಲೇ ಕಲಿತದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಉತ್ತರ ಕನ್ನಡದ ಎರಡು ಶೈಕ್ಷಣಿಕ ಜಿಲ್ಲೆಗಳಲ್ಲಿ ಕಾರವಾರ ಮುಂದೋ ಶಿರಸಿ ಮುಂದೋ ಅಂತ ಚರ್ಚೆ ಆಗುತ್ತದೆ. ಮೂರನೇ ತರಗತಿಯ ಮಗು ಓದಲು ಕಲಿತಿದೆಯಾ ಅನ್ನುವುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ.

ಮಕ್ಕಳ ಕಲಿಕೆ ಎಷ್ಟಾಗಿದೆ ಅಂತ ಅಳೆಯುವ ಅಸರ್ ಸಮೀಕ್ಷೆಯವರು ಹಳ್ಳಿಯ ಮನೆಗಳಿಗೆ ಹೋಗಿ ಮಕ್ಕಳಿಂದ ಎರಡನೇ ತರಗತಿ ಮಟ್ಟದ ಪಾಠ ಓದಿಸುತ್ತಾರೆ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಕೊಡುತ್ತಾರೆ. ನಾನೂ ಅದನ್ನೇ ಮಾಡಿದೆ. ಖಾಸಗಿ ಶಾಲೆಯಲ್ಲಿದ್ದಾಗ ಮಗಳು ಇಂಗ್ಲಿಷ್ ಪಾಠವನ್ನು ಪಟಪಟ ಓದುತ್ತಿದ್ದಳು. ಏನು ಕಥೆ ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಿದ್ದಳು. ಈಗ ಕನ್ನಡದಲ್ಲಿ ಓದಿದ್ದನ್ನು ಅಜ್ಜಿಗೆ ಕೊಂಕಣಿಯಲ್ಲಿ ಹೇಳುತ್ತಾಳೆ. ನನಗೆ ಬೇಕಾಗಿದ್ದು ಇದು.

ಇನ್ನು ಮಗನ ಪುಟ್ಟ ಶಾಲೆ. ನಡೆದುಕೊಂಡು ಹೋಗುವಷ್ಟು ಹತ್ತಿರ, ಟೀಚರಿಗೆ ಪ್ರತಿ ಮಗುವಿನ ಮನೆಯೂ ಗೊತ್ತು. ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು, ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು, ಮಕ್ಕಳು ಕಡಿಮೆ ಇರುವ ಕಡೆ ತುಂಬಾ ಚೆನ್ನಾಗಿ ಹೊಂದುತ್ತದೆ. ಮಗ ಓದಲು ಕಲಿತದ್ದು ಹೀಗೇ.

ತೊಡಕು ಇರುವುದು ನಾಲ್ಕನೇ ತರಗತಿಯಿಂದ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಒಟ್ಟು 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಮಗನ ಶಾಲೆಗೆ ಇಬ್ಬರೇ. ಒಬ್ಬರು ನಲಿಕಲಿ ಕೋಣೆಗೆ, ಇನ್ನೊಬ್ಬರು ನಾಲ್ಕು ಮತ್ತು ಐದಕ್ಕೆ. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಆ ಎರಡನೆಯವರೇ ಮುಖ್ಯ ಶಿಕ್ಷಕರು. ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ಆನ್‌ಲೈನಿಗೆ ಏರಿಸುವುದು, ಸಭೆ, ತರಬೇತಿ, ಮತದಾರರ ಪಟ್ಟಿಯ ಕೆಲಸ ಎಲ್ಲ ಅವರ ತಲೆಗೆ.

ಅವರು ಹೊರಗೆ ಹೋದ ದಿನ ಐದೂ ತರಗತಿ ಒಬ್ಬರ ಕೈಯಲ್ಲಿ. ದೊಡ್ಡ ಮಕ್ಕಳಿಗೆ ‘ಕಾಪಿ ಬರೆಯಿರಿ’ ಅಂದು ಕೂರಿಸುವುದು ಬಿಟ್ಟರೆ ಬೇರೆ ದಾರಿ ಏನಿದೆ? ಇದು ಆ ಟೀಚರ ತಪ್ಪಲ್ಲ. ಆದರೆ ಭಾಗಾಕಾರ, ಭಿನ್ನರಾಶಿ ಗಟ್ಟಿಯಾಗಬೇಕಾದ ವಯಸ್ಸು ಅದು. ಪಕ್ಕದ ಮನೆಯ ಹುಡುಗ ಅಲ್ಲಿಯೇ ಐದನೇ ತರಗತಿ ಮುಗಿಸಿದ. ಓದು ಚೆನ್ನಾಗಿದೆ, ಭಾಗಾಕಾರಕ್ಕೆ ಈಗಲೂ ತಡವರಿಸುತ್ತಾನೆ.

ಇದನ್ನು ನೋಡಿ ನಾಲ್ಕಾರು ಮನೆಯವರು ಮಕ್ಕಳನ್ನು ವ್ಯಾನ್ ಹತ್ತಿಸುತ್ತಾರೆ. ದಾಖಲಾತಿ ಇಳಿಯುತ್ತದೆ. ಮಕ್ಕಳು ಕಡಿಮೆ ಅಂತ ಮೂರನೇ ಶಿಕ್ಷಕರು ಸಿಗುವುದಿಲ್ಲ, ಇದ್ದರೂ ‘ಹೆಚ್ಚುವರಿ’ ಅಂತ ಬೇರೆ ಕಡೆ ಹಾಕುತ್ತಾರೆ. ಆಗ ಇನ್ನೂ ಎರಡು ಮನೆಯವರು ವ್ಯಾನ್ ಹತ್ತಿಸುತ್ತಾರೆ. ಕರಾವಳಿಯಲ್ಲೂ ಘಟ್ಟದ ಮೇಲೂ ಎಷ್ಟೋ ಶಾಲೆ ಖಾಲಿಯಾಗಿದ್ದು ಹೀಗೆ. ಆ ಶಾಲೆ ಉಳಿಯಬೇಕು ಅಂತ ನನಗೆ ನಿಜವಾಗಿ ಆಸೆ ಇದೆ. ಹಾಗೆಂದು ಮಗನ ನಾಲ್ಕನೇ ತರಗತಿಯನ್ನು ಅದಕ್ಕಾಗಿ ಬಿಟ್ಟುಕೊಡಲಾರೆ.

ಪೇಟೆಯ ಶಾಲೆಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಮಕ್ಕಳು ಜಾಸ್ತಿ, ಅದಕ್ಕೆ ತಕ್ಕ ಶಿಕ್ಷಕರು. ಒಬ್ಬರು ತರಬೇತಿಗೆ ಹೋದರೆ ಇನ್ನೊಬ್ಬರು ತರಗತಿ ನೋಡಿಕೊಳ್ಳುತ್ತಾರೆ. ಗಣಿತಕ್ಕೆ ಬೇರೆ ಟೀಚರು ಇದ್ದಾರೆ. ಶೌಚಾಲಯ ಖಾಸಗಿ ಶಾಲೆಯಷ್ಟು ಚೊಕ್ಕಟ ಇಲ್ಲ, ಮಳೆಗಾಲದಲ್ಲಿ ವರಾಂಡಾ ಒದ್ದೆ.

ಇಂಗ್ಲಿಷ್ ಬಗ್ಗೆ: ಮಾತಿನಲ್ಲಿ ಖಾಸಗಿ ಶಾಲೆಯೇ ಮುಂದೆ, ಅದನ್ನು ಒಪ್ಪುತ್ತೇನೆ. ಸರಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ, ಆದರೆ ಮಾತಾಡುವ ಅಭ್ಯಾಸ ಸಾಲದು. 2019ರಿಂದ ಕೆಲವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಬೇಕಿದ್ದವರು ಹತ್ತಿರ ಎಲ್ಲಿದೆ ವಿಚಾರಿಸಿ.

ವರ್ಗಾವಣೆಯ ನೌಕರಿ ಇದ್ದು ಬೇರೆ ರಾಜ್ಯಕ್ಕೆ ಹೋಗುವವರಿಗೆ ನನ್ನ ಆಯ್ಕೆ ಹೊಂದಲಿಕ್ಕಿಲ್ಲ. ಇಲ್ಲೇ ಇರುವವರು ಸೇರಿಸುವ ಮೊದಲು ಎಲ್ಲ ಶಾಲೆಗಳ ಮಾಹಿತಿ ಇರುವ ಸರಕಾರದ ಯುಡೈಸ್ ಜಾಲತಾಣದಲ್ಲಿ ಶಾಲೆಯ ವಿವರ ತೆಗೆದು ನೋಡಿ. ತರಗತಿವಾರು ಮಕ್ಕಳೆಷ್ಟು, ಶಿಕ್ಷಕರೆಷ್ಟು ಅಂತ ಅದರಲ್ಲಿರುತ್ತದೆ. ಆಮೇಲೆ ಒಂದು ದಿನ ಹೋಗಿ ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತು, ಒಳಗೆ ಟೀಚರು ಇದ್ದಾರಾ ನೋಡಿ. ಮಗನನ್ನು ಬರುವ ಜೂನ್‌ನಲ್ಲಿ ಅಕ್ಕನ ಶಾಲೆಗೆ ಸೇರಿಸುತ್ತಿದ್ದೇವೆ. ಟಿಸಿಗೆ ಹೇಳಿಟ್ಟಿದ್ದೇನೆ.